ಇಪ್ಪತ್ತೊಂದನೆಯ ಪುಟದ ಮೊದಲ ಸಾಲು

ಮಾರ್ಚ್ 2, ಸೋಮವಾರ

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಕರೆತಂದೆ ಅನ್ನುವುದು ಸುಳ್ಳು, ಅವರೇ ಕಳಿಸಿದರು. "ಇನ್ನು ಇಲ್ಲಿ ಮಾಡೋದೇನಿಲ್ಲ, ಮನೇಲಿ ಆರಾಮಾಗಿರ್ಲಿ" ಎಂದ ಡಾಕ್ಟರಿಗೆ ನನ್ನ ಕನ್ನಡಕದಷ್ಟೂ ವಯಸ್ಸಿರಲಾರದು. ಎಷ್ಟು ದಿನ ಎಂದು ಕೇಳಿದೆ. "ತಿಂಗಳ ಲೆಕ್ಕ ಬೇಡ, ವಾರದ ಲೆಕ್ಕ ಇಟ್ಕೊಳ್ಳಿ" ಎಂದರು. ಹೃದಯ ದಣಿದಿದೆಯಂತೆ.

ಗಾಲಿಕುರ್ಚಿಯನ್ನು ಮೂರನೆಯ ಮಹಡಿಯಿಂದ ನಾಲ್ಕು ಜನ ಹೊತ್ತು ಇಳಿಸಿದರು. ಲಿಫ್ಟಿಗೆ 'ಎರಡು ದಿನ ದುರಸ್ತಿ' ಎಂಬ ಹಲಗೆ ತೂಗುಹಾಕಿದ್ದಾರೆ. ಹೋದ ವರ್ಷ ಜೂನಿನಲ್ಲಿ ನಾನು ಹಲ್ಲು ತೋರಿಸಲು ಹೋದಾಗಲೂ ಇದೇ ಹಲಗೆ, ಇದೇ ಮೊಳೆ, ಇದೇ ಎರಡು ದಿನ. ಆಡಳಿತಾಧಿಕಾರಿಗೆ ಹೇಳಿದೆ. "ನಿಮಗೆ ನೆನಪಿನ ಶಕ್ತಿ ಚೆನ್ನಾಗಿದೆ ಸಾರ್" ಎಂದು ಹೊಗಳಿದ. ಈ ಊರಿನಲ್ಲಿ ನೆನಪಿರುವುದೂ ಒಂದು ಕಾಯಿಲೆ, ಅದಕ್ಕೆ ವಾರ್ಡಿಲ್ಲ ಅಷ್ಟೆ. ಪತ್ರಿಕೆಗೆ ಪತ್ರ ಬರೆಯಬೇಕು. ಮೊದಲ ವಾಕ್ಯ ಆಗಲೇ ಸಿದ್ಧವಿದೆ.

ಅಕ್ಕನ ಮಂಚವನ್ನು ಮುಂದಿನ ಕೋಣೆಗೆ ತಂದೆವು. ಮಲಗಿಸಿ ದಿಂಬು ಸರಿಮಾಡಿದ, ಇನ್ನು ದಿನಾ ಮನೆಗೆ ಬರಲಿರುವ ನರ್ಸಮ್ಮ "ಏನಾದ್ರೂ ಬೇಕಾಮ್ಮ?" ಎಂದಳು.

"ತೊಂಬತ್ತೊಂಬತ್ತನೇ ಪುಸ್ತಕ."

ನರ್ಸಮ್ಮ ನನ್ನ ಮುಖ ನೋಡಿದಳು. ತಲೆಗೂ ಏನಾದರೂ ಆಗಿದೆಯೇ ಎಂದು ಅವಳ ಸಂಶಯ. ಹನ್ನೊಂದು ವರ್ಷದಿಂದ ನನ್ನದೂ ಅದೇ ಸಂಶಯ.

ಮಾರ್ಚ್ 4, ಬುಧವಾರ

ಒಂದು ಸಲ ಇದನ್ನು ಕ್ರಮವಾಗಿ ಬರೆದಿಡುತ್ತೇನೆ. ಬೇರೆ ಯಾರೂ ಬರೆದಿಡುವವರಿಲ್ಲ.

ಹನ್ನೊಂದು ವರ್ಷದ ಹಿಂದೆ, ನನ್ನ ಹೆಂಡತಿ ತೀರಿಕೊಂಡ ವರ್ಷ, ಅಕ್ಕ ಈ ಮನೆಗೆ ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಬೇರೆಯವರ ಮಾತಿಗೆ ತಂತಿ ಸಿಕ್ಕಿಸಿದವಳು. ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದಳು. ಸುಮ್ಮನಿರಲಿ ಎಂದು ನಾನು ಒಂದು ಪುಸ್ತಕ ಕೊಟ್ಟೆ: ಹತ್ತು ಲಕ್ಷದವರೆಗಿನ ಅವಿಭಾಜ್ಯ ಸಂಖ್ಯೆಗಳ ಕೋಷ್ಟಕ. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗಳು, ಒಟ್ಟು 78498. ನಮ್ಮ ಮುದ್ರಣಾಲಯದ್ದು. ಕರಡು ತಿದ್ದಿದವನು ನಾನು. ಮೊದಲ ಪುಟದಲ್ಲಿ 'ಅಕ್ಕನಿಗೆ. ಇದರಲ್ಲಿ ತಪ್ಪಿಲ್ಲ' ಎಂದು ಬರೆದುಕೊಟ್ಟೆ. ಜಂಬಕ್ಕೆ ಇನ್ನೊಂದು ಮಾತೂ ಹೇಳಿದೆ: ಈ ಪುಸ್ತಕವೊಂದಿದ್ದರೆ ಲಕ್ಷಕೋಟಿಯವರೆಗಿನ ಯಾವ ಸಂಖ್ಯೆ ಅವಿಭಾಜ್ಯ, ಯಾವುದಲ್ಲ ಎಂದು ಭಾಗಿಸಿ ಭಾಗಿಸಿ ಪತ್ತೆಹಚ್ಚಬಹುದು.

ಅಕ್ಕ ಕೂಡಲೇ ಒಂದು ಸಂಖ್ಯೆ ಆರಿಸಿದಳು. 999999000001. ಆರು ಒಂಬತ್ತು, ಐದು ಸೊನ್ನೆ, ಒಂದು ಒಂದು. ಯಾಕೆ ಇದೇ ಎಂದರೆ, "ಡಯಲ್ ಮಾಡೋಕೆ ಚೆನ್ನಾಗಿದೆ" ಎಂದಳು.

ಅಂದಿನಿಂದ ದಿನಕ್ಕೆ ಇಪ್ಪತ್ತು ಭಾಗಾಕಾರ. ಪುಟಕ್ಕೆ ನಾಲ್ಕು, ಇನ್ನೂರು ಪುಟದ ನೋಟ್‌ಬುಕ್ಕು. ಮನೆಯ ಕ್ಯಾಲ್ಕುಲೇಟರಿಗೆ ಎಂಟೇ ಅಂಕಿ ಹಿಡಿಯುವುದು, ದೊಡ್ಡದು ತರುತ್ತೇನೆ ಎಂದರೆ ಬೇಡ ಎಂದಳು. "ಅದು ಉತ್ತರ ಹೇಳುತ್ತೆ, ಹೇಗೆ ಬಂತು ಅಂತ ಹೇಳಲ್ಲ. ನಿಮ್ಮ ಆಫೀಸರುಗಳ ಥರ." ಹೀಗೆ ತೊಂಬತ್ತೆಂಟು ಪುಸ್ತಕ ತುಂಬಿ ತೊಂಬತ್ತೊಂಬತ್ತನೆಯದು ನಡೆಯುತ್ತಿದೆ. ಒಂದೊಂದು ಅವಿಭಾಜ್ಯದಿಂದಲೂ ಭಾಗಿಸಿದ್ದಾಳೆ, ಪ್ರತಿ ಸಲವೂ ಏನೋ ಒಂದು ಶೇಷ ಉಳಿದಿದೆ. ಎಲ್ಲಾದರೂ ಶೇಷ ಸೊನ್ನೆ ಬಂದಿದ್ದರೆ ಅಂದೇ ಮುಗಿಯುತ್ತಿತ್ತು. ಬರಲಿಲ್ಲ.

ಇನ್ನು ಉಳಿದಿರುವುದು ನಲವತ್ತು. ಅಕ್ಕನ ಕೈಯಲ್ಲಿ ಈಗ ಪೆನ್ನು ನಿಲ್ಲುವುದಿಲ್ಲ.

"ನೀನು ಮಾಡು. ನಾನು ತಾಳೆ ನೋಡ್ತೀನಿ."

"ಈ ಸ್ಥಿತೀಲಿ ಇದೆಲ್ಲ ಬೇಕಾ ಅಕ್ಕ?"

"ಯಾವ ಸ್ಥಿತೀಲಿ ಬೇಕಾಗುತ್ತೆ ಹಾಗಾದ್ರೆ? ಕೂತ್ಕೋ, ತಿದ್ದುಪಡಿ."

ತಿದ್ದುಪಡಿ ಎಂಬುದು ನನಗೆ ಅವಳೇ ಇಟ್ಟ ಹೆಸರು, ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರ ನೋಟೀಸನ್ನು ಕೆಂಪುಮಸಿಯಲ್ಲಿ ತಿದ್ದಿ ಹೊಡೆತ ತಿಂದ ದಿನದಿಂದ.

ಮೂರು ಮಾಡಿದೆ. ಬೆನ್ನು ಮುರಿದುಹೋಯಿತು.

ಮಾರ್ಚ್ 7, ಶನಿವಾರ

ಅವಳು ತಾಳೆ ನೋಡುವ ಕ್ರಮ ಹೀಗೆ. ಕಣ್ಣು ಮುಚ್ಚಿ ಮಲಗಿರುತ್ತಾಳೆ. ನಾನು ಭಾಜಕ, ಭಾಗಲಬ್ಧ, ಶೇಷ ಓದುತ್ತೇನೆ. ಅವಳು ಅಂಕಿಗಳನ್ನು ಮನಸ್ಸಿನಲ್ಲೇ ಕೂಡುತ್ತಾ ಒಂಬತ್ತಾದಾಗಲೆಲ್ಲ ಎಸೆಯುತ್ತಾಳೆ. ನಮ್ಮ ಸಂಖ್ಯೆಯಲ್ಲಿ ಒಂಬತ್ತುಗಳನ್ನೆಲ್ಲ ಎಸೆದರೆ ಉಳಿಯುವುದು ಒಂದು. ಆದ್ದರಿಂದ ಮೊದಲೆರಡನ್ನು ಗುಣಿಸಿ ಮೂರನೆಯದನ್ನು ಕೂಡಿದರೆ ಅಲ್ಲೂ ಒಂದೇ ಉಳಿಯಬೇಕು. ಉಳಿದರೆ "ಒಂದು" ಎನ್ನುತ್ತಾಳೆ. ಅಷ್ಟೇ ಮಾತು.

ಇಂದು ಒಂದು ಸಲ "ಮೂರು" ಎಂದಳು.

"ಸರಿಯಾಗೇ ಮಾಡಿದೀನಿ."

"ನಿನ್ನ ಏಳರ ಮಗ್ಗಿ ಅವತ್ತೂ ಕುಂಟ್ತಿತ್ತು, ಇವತ್ತೂ ಕುಂಟುತ್ತೆ. ಮತ್ತೆ ಮಾಡು."

ಏಳೆಂಟಲ ಐವತ್ತನಾಲ್ಕು ಎಂದು ಬರೆದಿದ್ದೆ.

ಪತ್ರಿಕೆಯವರು ಲಿಫ್ಟಿನ ಪತ್ರ ಹಾಕಿಲ್ಲ. ಬದಲಿಗೆ ಯಾರೋ ಒಬ್ಬರ ನಾಯಿ ಬೊಗಳುವ ಬಗ್ಗೆ ಅರ್ಧ ಕಾಲಂ ಹಾಕಿದ್ದಾರೆ.

ಮಾರ್ಚ್ 10, ಮಂಗಳವಾರ

ಮೇಲಿನ ಮಹಡಿಯ ಮೇಡಂ ಅಕ್ಕನನ್ನು ನೋಡಲು ಬಂದಿದ್ದರು. ಕಾಲೇಜಿನಲ್ಲಿ ಗಣಿತ ಕಲಿಸುವವರು. ಅಕ್ಕ ನಿದ್ದೆಯಲ್ಲಿದ್ದಳು. ಪುಸ್ತಕಗಳ ರಾಶಿ ನೋಡಿ ಏನೆಂದು ಕೇಳಿದರು. ಹೇಳಿದೆ. ಸಂಖ್ಯೆ ಕೇಳಿದ್ದೇ ಅವರ ಮುಖ ಅರಳಿತು.

"ಓ, ಇದಾ? ಇದು—"

"ಅವಿಭಾಜ್ಯವೋ ಅಲ್ಲವೋ ಹೇಳಬೇಡಿ" ಎಂದೆ. ಗಟ್ಟಿಯಾಗಿಯೇ ಅಂದೆನೆಂದು ತೋರುತ್ತದೆ.

ಅವರು ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಒಂದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವ ದಶಮಾಂಶ ಮೂವತ್ತಾರು ಅಂಕಿಗಳ ನಂತರ ಮೊದಲಿನಿಂದ ಮರುಕಳಿಸುತ್ತದೆ. ಆ ಮೂವತ್ತಾರು: 000000 000001 000000 999999 999998 999999. ಮೊದಲ ಹದಿನೆಂಟರ ಕೆಳಗೆ ಮುಂದಿನ ಹದಿನೆಂಟನ್ನು ಬರೆದು ಕೂಡಿದರು. ಹದಿನೆಂಟೂ ಮನೆಯಲ್ಲಿ ಒಂಬತ್ತು. ಅರ್ಧ ಗೊತ್ತಿದ್ದರೆ ಉಳಿದರ್ಧ ತಾನೇ ಬರುತ್ತದೆ. ಚೆಂದವಾಗಿತ್ತು, ಇಲ್ಲವೆನ್ನಲಾರೆ.

ಆಮೇಲೆ ಹೇಳಿದರು. "ಈ ಮೂವತ್ತಾರರಿಂದಾಗಿ ಇನ್ನೊಂದು ಗುಣ ಇದೆ ಸಾರ್. ಇದನ್ನ ಭಾಗಿಸೋ ಅವಿಭಾಜ್ಯ ಯಾವುದಾದ್ರೂ ಇದ್ರೆ, ಅದನ್ನ ಮೂವತ್ತಾರರಿಂದ ಭಾಗಿಸಿದಾಗ ಒಂದು ಉಳೀಲೇಬೇಕು. ಮಿಕ್ಕವನ್ನ ನೋಡೋದೇ ಬೇಡ."

"ಅಂಥವು ಎಷ್ಟಿವೆ?"

"ಹತ್ತು ಲಕ್ಷದೊಳಗೆ ಆರೂವರೆ ಸಾವಿರದಷ್ಟು."

ನಾನು ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತರಂತೆ ಹನ್ನೊಂದು ತಿಂಗಳು. ಅಕ್ಕ ಕಳೆದದ್ದು ಹನ್ನೊಂದು ವರ್ಷ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಯಾವತ್ತಾದ್ರೂ ಕೇಳಿದ್ರಾ ಸಾರ್? ನಾನು ಮೇಲಿದ್ದು ಒಂಬತ್ತು ವರ್ಷ ಆಯ್ತು. ನೀವು ಮಾತಾಡಿಸಿದ್ದು ನೀರಿನ ಟ್ಯಾಂಕ್ ತುಂಬಿ ಹರಿದಾಗ ಮಾತ್ರ."

ಮಾರ್ಚ್ 11, ಬುಧವಾರ

ಕೋಪ ಬಂದದ್ದು ಯಾರ ಮೇಲೆ ಎಂದು ಇಡೀ ದಿನ ಹುಡುಕಿದೆ. ಅಕ್ಕನಿಗೆ ಹೇಳಬಾರದೆಂದುಕೊಂಡು, ಮಧ್ಯಾಹ್ನ ಗಂಜಿ ಕುಡಿಸುವಾಗ ಹೇಳಿಬಿಟ್ಟೆ. ಮುಕ್ಕಾಲು ಪಾಲಿಗಿಂತ ಹೆಚ್ಚು ವ್ಯರ್ಥವಾಯಿತಂತೆ ಅಕ್ಕ, ಮೂವತ್ತಾರರ ನಿಯಮವೊಂದಿದೆಯಂತೆ.

ಅಕ್ಕ ಬಾಯೊರೆಸಿಕೊಂಡಳು. "ಎಕ್ಸ್‌ಚೇಂಜಲ್ಲಿ ಕೆಲವು ನಂಬರು ಇರ್ತಿದ್ವು, ಯಾರೂ ಎತ್ತಲ್ಲ ಅಂತ ನಮಗೆಲ್ಲ ಗೊತ್ತು. ಆದ್ರೂ ರಿಂಗ್ ಕೊಡ್ಬೇಕು. ಕೊಡದೆ 'ಉತ್ತರವಿಲ್ಲ' ಅಂತ ಬರೆದವಳನ್ನ ಮಾರನೇ ದಿನ ಮನೆಗೆ ಕಳಿಸಿದ್ರು."

"ಆದ್ರೂ ಹನ್ನೊಂದು ವರ್ಷ."

"ಇಲ್ದಿದ್ರೆ ಏನು ಮಾಡ್ತಿದ್ದೆ ನಾನು ಹನ್ನೊಂದು ವರ್ಷ? ನಿನ್ನ ಪತ್ರ ಕೇಳ್ತಾ ಕೂರ್ಬೇಕಿತ್ತು."

ಮಾರ್ಚ್ 13, ಶುಕ್ರವಾರ

ಹಠಕ್ಕೆ ಬಿದ್ದು ಮೇಡಂ ಹತ್ತಿರ ಆ ಆರೂವರೆ ಸಾವಿರದ ಪಟ್ಟಿ ಕೇಳಿ ಅಚ್ಚು ಮಾಡಿಸಿಕೊಂಡೆ. ಅಕ್ಕ ಇವುಗಳಲ್ಲಿ ಒಂದನ್ನೂ ಬಿಟ್ಟಿಲ್ಲ ಎಂದು ಅವರಿಗೆ ತೋರಿಸಬೇಕಿತ್ತು. ನೆರವು ಬೇಡದಿದ್ದವಳ ಕೆಲಸ ಎಷ್ಟು ಚೊಕ್ಕ ಎಂದು ಒಬ್ಬರಾದರೂ ನೋಡಲಿ. ನಿನ್ನೆ ಇಡೀ ದಿನ, ಇಂದು ಬೆಳಗಿನಿಂದ, ಪಟ್ಟಿಯನ್ನೂ ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ನೋಡಿದೆ. ಹನ್ನೆರಡು ಪುಸ್ತಕ ಸರಿ. ಹದಿಮೂರನೆಯದರ ಮೊದಲ ಪುಟದಲ್ಲಿ ಬೆರಳು ನಿಂತಿತು.

100153 ಇಲ್ಲ. 100189 ಇಲ್ಲ.

ಅಕ್ಕನೂ ಬಿಟ್ಟಳಲ್ಲ ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಒಳಗೆಲ್ಲೋ ಸ್ವಲ್ಪ ಸಮಾಧಾನವೂ ಆಯಿತು. ಏಳರ ಮಗ್ಗಿಗೆ ಉತ್ತರ ಸಿಕ್ಕಿತಲ್ಲ ಎಂದು.

ಆಮೇಲೆ ಕೋಷ್ಟಕ ತೆಗೆದೆ. ಇಪ್ಪತ್ತನೆಯ ಪುಟದ ಕೊನೆಯ ಸಂಖ್ಯೆ 100109. ಇಪ್ಪತ್ತೊಂದನೆಯ ಪುಟದ ಮೊದಲ ಸಂಖ್ಯೆ 100267. ನಡುವೆ ಒಂದು ಸಾಲೇ ಇಲ್ಲ. ಹತ್ತು ಸಂಖ್ಯೆಗಳ ಸಾಲು, ಐದಂಕಿ ಮುಗಿದು ಆರಂಕಿ ಶುರುವಾಗುವಲ್ಲಿ, ಅಚ್ಚುಮೊಳೆ ಜೋಡಿಸುವವರು ಅಳತೆ ಬದಲಿಸಿದ ಜಾಗದಲ್ಲಿ, ಪುಟದ ನೆತ್ತಿಯಿಂದಲೇ ಬಿದ್ದುಹೋಗಿದೆ.

ಅಕ್ಕ ಬಿಡಲಿಲ್ಲ. ಅವಳಿಗೆ ಕೊಟ್ಟೇ ಇರಲಿಲ್ಲ.

ಕೊನೆಯ ಪುಟ ತಿರುವಿದೆ. ಕೆಳಗೆ ಚಿಕ್ಕ ಅಕ್ಷರದಲ್ಲಿ 'ಸರಿ ನೋಡಿದೆ', ಪಕ್ಕದಲ್ಲಿ ನನ್ನ ಸಹಿಯ ಎರಡಕ್ಷರ.

ಮಾರ್ಚ್ 14, ಶನಿವಾರ

ಅಟ್ಟದಿಂದ ನಲವತ್ತೊಂದು ವರ್ಷದ ಹಿಂದಿನ ದಿನಚರಿ ಇಳಿಸಿದೆ. ನನ್ನಂಥವನಿಗೆ ಮರೆವಿನ ನೆಪವೂ ಇಲ್ಲ, ಎಲ್ಲ ಬರೆದಿಟ್ಟಿದ್ದೇನೆ.

ನಮ್ಮಲ್ಲಿ ಕೋಷ್ಟಕಗಳನ್ನು ಇಬ್ಬರು ನೋಡಬೇಕೆಂಬ ನಿಯಮವಿತ್ತು. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕರಡಿನ ಮೇಲೆ ಬೆರಳಿಟ್ಟು 'ಸರಿ' ಅನ್ನಬೇಕು. ಇಬ್ಬರಿಲ್ಲದೆ ಸಹಿ ಇಲ್ಲ. ನನಗೆ ಓದುತ್ತಿದ್ದವನನ್ನು ಎಲ್ಲರೂ ಗಂಟಲು ಎಂದೇ ಕರೆಯುತ್ತಿದ್ದರು. ಹಳೆಯ ದಿನಚರಿ ಹೇಳುತ್ತದೆ: 'ಇಂದು ಹದಿನೆಂಟರಿಂದ ಇಪ್ಪತ್ಮೂರನೆಯ ಪುಟ ಮುಗಿಯಿತು. ಗಂಟಲು ಓದುತ್ತಿರುವಾಗಲೇ ಚೌಕದ ಗಡಿಯಾರದ ಬಗ್ಗೆ ಪತ್ರದ ಮೊದಲ ವಾಕ್ಯ ಹೊಳೆಯಿತು. ಮರೆಯದಂತೆ ಕರಡಿನ ಅಂಚಿನಲ್ಲೇ ಗೀಚಿಕೊಂಡೆ.'

ಆ ಪತ್ರದ ತುಣುಕೂ ಕಡತದಲ್ಲಿದೆ. ಚೌಕದ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು. 'ಒಂದು ಊರಿನ ಹೊಣೆಗೇಡಿತನಕ್ಕೆ ನಾಲ್ಕು ನಿಮಿಷವೇ ಸಾಕ್ಷಿ' ಎಂದು. ಬಹಳ ಜನ ಮೆಚ್ಚಿದ್ದರು.

ಗಂಟಲು ಆ ಸಾಲನ್ನು ಓದಿಯೇ ಇದ್ದಾನೆ. ಹತ್ತೂ ಸಂಖ್ಯೆಗಳನ್ನು. ನಾನು ಗಡಿಯಾರದ ಬಗ್ಗೆ ಬರೆಯುತ್ತಾ ತಲೆ ಎತ್ತದೆ 'ಸರಿ' ಅಂದಿದ್ದೇನೆ.

ಮೆಟ್ಟಿಲ ಮೇಲೆ ನಿಂತು ಪತ್ರಿಕೆಗೆ ಫೋನ್ ಮಾಡಿದೆ. ಒಂದು ತಪ್ಪೊಪ್ಪಿಗೆ ಪ್ರಕಟಿಸಬೇಕು ಎಂದೆ.

"ನಮ್ಮ ಪೇಪರಲ್ಲಿ ಬಂದ ತಪ್ಪಾ ಸಾರ್?"

"ಅಲ್ಲ. ಒಂದು ಪುಸ್ತಕದ್ದು."

"ಪುಸ್ತಕ ಈಗ ಸಿಗುತ್ತಾ?"

"ಇಲ್ಲ."

"ಪ್ರೆಸ್ಸು?"

"ಮುಚ್ಚಿ ಹದಿನಾರು ವರ್ಷ ಆಯ್ತು."

"ಹಾಗಾದ್ರೆ ಯಾರಿಗೆ ಸಾರ್ ತೊಂದರೆ?"

ಫೋನ್ ಇಟ್ಟೆ.

ಮಾರ್ಚ್ 15, ಭಾನುವಾರ

ನಾಲ್ಕು ಮಾಡಿದೆ. ನಾಲ್ಕಕ್ಕೂ "ಒಂದು" ಎಂದಳು. ಹೇಳಲಿಲ್ಲ.

ಮಾರ್ಚ್ 16, ಸೋಮವಾರ

ಮೂರು. ಹೇಳಲಿಲ್ಲ. ಅವಳ ಪಾದ ಊದಿದೆ. ಮಿಕ್ಕ ಕೋಷ್ಟಕವನ್ನು ಮೇಡಂ ಮತ್ತು ನಾನು ಕೂತು ನೋಡಿದೆವು, ಅವರು ಓದಿದರು. ಬೇರೆಲ್ಲೂ ಬಿಟ್ಟಿಲ್ಲ. ಆ ಒಂದೇ ಸಾಲು.

ಮಾರ್ಚ್ 17, ಮಂಗಳವಾರ

ಇಂದು ಕೊನೆಯ ಎಂಟು. ಅಕ್ಕ ಬಿಡಲಿಲ್ಲ, ಇವತ್ತೇ ಮುಗಿಸು ಎಂದಳು. ಮಾತಿಗೊಂದು ಸಲ ಉಸಿರು ನಿಲ್ಲಿಸಿಕೊಳ್ಳುತ್ತಾಳೆ.

ಹನ್ನೊಂದು ವರ್ಷ ಶೇಷಗಳು ಮನಸ್ಸಿಗೆ ಬಂದಂತೆ ಬಂದಿದ್ದವು. ಕೊನೆಗೆ ಬರುತ್ತಾ ಅವು ಇಳಿಯತೊಡಗಿದವು. 999907ಕ್ಕೆ 8557. 999917ಕ್ಕೆ 6807. 999931ಕ್ಕೆ 4693. 999953ಕ್ಕೆ 2163. ನರ್ಸಮ್ಮ ಕೂಡ ಬಿ.ಪಿ. ಯಂತ್ರ ಹಿಡಿದು ಹಾಗೇ ನಿಂತಳು. 1641. 1483.

"ಸೊನ್ನೆಗೆ ಹೋಗ್ತಿದೆಯೇನೋ?" ಎಂದಳು ಅಕ್ಕ.

"ಗೊತ್ತಿಲ್ಲ."

999979. ಶೇಷ 421.

"ಒಂದು" ಎಂದಳು. ದನಿಯೇ ಇರಲಿಲ್ಲ.

ಕೊನೆಯದು 999983. ಎರಡು ಸಲ ಮಾಡಿದೆ. ಭಾಗಲಬ್ಧ 1000016. ಶೇಷ 273.

ಅಕ್ಕ ಬಹಳ ಹೊತ್ತು ತೆಗೆದುಕೊಂಡಳು. ತುಟಿ ಅಲ್ಲಾಡುತ್ತಿತ್ತು. "ಒಂದು" ಎಂದಳು. ಆಮೇಲೆ ಕಣ್ಣು ತೆರೆದು, "ಯಾರಿಗೂ ಬಗ್ಗಲಿಲ್ಲ ನೋಡು" ಎಂದಳು. ನರ್ಸಮ್ಮ ಯಾಕೋ ಕಣ್ಣೊರೆಸಿಕೊಂಡಳು.

"ಕೆಳಗೆ ಸಹಿ ಹಾಕು, ತಿದ್ದುಪಡಿ. 'ಸರಿ ನೋಡಿದೆ' ಅಂತ ಬರಿ. ನಿಮ್ಮ ಪ್ರೆಸ್ಸಲ್ಲಿ ಹಾಕ್ತಿದ್ದ ಹಾಗೆ."

ಪೆನ್ನಿನಲ್ಲಿ ಮಸಿ ಇಲ್ಲ ಎಂದೆ. ಅದೇ ಪೆನ್ನಿನಲ್ಲಿ ಆಗಷ್ಟೇ ಎಂಟು ಭಾಗಾಕಾರ ಮಾಡಿದ್ದೆ. ಅವಳು ನೋಡುತ್ತಲೇ ಇದ್ದಳು.

ಮಾರ್ಚ್ 18, ಬುಧವಾರ

ಬೆಳಿಗ್ಗೆ, ನರ್ಸಮ್ಮ ಬರುವ ಮುಂಚೆ ಹೇಳಿದೆ.

"ಅಕ್ಕ, ಪುಸ್ತಕದಲ್ಲಿ ಒಂದು ಸಾಲು ಇಲ್ಲ."

"ಯಾವ ಪುಸ್ತಕ?"

"ನಾನು ಕೊಟ್ಟಿದ್ದು. ಹತ್ತು ಸಂಖ್ಯೆ ಬಿಟ್ಟುಹೋಗಿವೆ."

"ಯಾರು ನೋಡಿದ್ದು ಆ ಪುಟಾನ?"

"ನಾನೇ."

ಗಡಿಯಾರದ ಪತ್ರದ ವಿಷಯವನ್ನೂ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು. ಅಕ್ಕ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಕಾಲು ಗಂಟೆ ಹಿಡಿಯಿತು. ನೀರು ಹಿಡಿದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಹನ್ನೊಂದು ವರ್ಷ ಈ ಮನೇಲಿ ದಿನಾ ಬೆಳಿಗ್ಗೆ ಊರವರ ತಪ್ಪೆಲ್ಲ ಕೇಳ್ದೆ ನಿನ್ನ ಬಾಯಲ್ಲಿ. ಪೋಸ್ಟ್‌ಮ್ಯಾನ್‌ನ ಬಿಡ್ಲಿಲ್ಲ, ಮೇಯರ್‌ನ ಬಿಡ್ಲಿಲ್ಲ, ಹಾಲಿನವನನ್ನೂ ಬಿಡ್ಲಿಲ್ಲ ನೀನು."

ಗೋಡೆಯ ಕಡೆ ತಿರುಗಿ ಮಲಗಿದಳು. ಔಷಧಿಯನ್ನು ನರ್ಸಮ್ಮನ ಕೈಯಿಂದಷ್ಟೇ ತೆಗೆದುಕೊಂಡಳು.

ಮಾರ್ಚ್ 19, ಗುರುವಾರ

ಬೆಳಿಗ್ಗೆ ಎಂಟಕ್ಕೆ, ಗೋಡೆಯ ಕಡೆಯಿಂದಲೇ: "ಮೊದಲನೇದು ಯಾವುದು?"

ಕುರ್ಚಿ ಎಳೆದುಕೊಂಡೆ. ಬೇರೆ ಹಾಳೆಯಲ್ಲಿ ಹತ್ತನ್ನೂ ಬರೆದುಕೊಂಡಿದ್ದೆ.

100129, ಶೇಷ 63327. ಒಂದು.
100151, ಶೇಷ 78289. ಒಂದು.
100153, ಶೇಷ 38912. ಒಂದು.

"ಮೂವತ್ತಾರರ ನಿಯಮದ ಪ್ರಕಾರ ಇದೊಂದು, 100189 ಒಂದು, ಎರಡೇ ಸಾಕಂತೆ" ಎಂದೆ.

"ಹತ್ತಕ್ಕೂ ರಿಂಗ್ ಕೊಡು."

ಮಾರ್ಚ್ 20, ಶುಕ್ರವಾರ

100169, 53059. ಒಂದು. 100183, 44692. ಒಂದು. 100189, 67376. ಮೊದಲು "ಎರಡು" ಎಂದಳು. ನಾನು ಹುಡುಕಿದೆ, ತಪ್ಪು ಸಿಗಲಿಲ್ಲ. ಮತ್ತೆ ಓದು ಎಂದಳು. ಓದಿದೆ. "ನಂದೇ ತಪ್ಪು" ಎಂದಳು. "ಒಂದು."

ಹನ್ನೊಂದು ವರ್ಷದಲ್ಲಿ ಅವಳು ತಪ್ಪಿದ್ದನ್ನು ಕೇಳಿದ್ದು ಇದೇ ಮೊದಲು. ಪಕ್ಕಕ್ಕೆ ಹೋಗಿ ಅಡುಗೆಮನೆಯ ನಲ್ಲಿ ಬಿಟ್ಟು ನಿಂತಿದ್ದೆ.

ಮಾರ್ಚ್ 21, ಶನಿವಾರ

ಡಾಕ್ಟರು ಮನೆಗೇ ಬಂದರು. ನಾನು ಕರೆದಿರಲಿಲ್ಲ, ನರ್ಸಮ್ಮ ಹೇಳಿದ್ದಳಂತೆ. ನಾಡಿ ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು ಹೋದರು. ಒಳ್ಳೆಯ ಮನುಷ್ಯ.

100193, 19690. ಒಂದು.
100207, 78277. ಒಂದು.

ಮಧ್ಯಾಹ್ನವೆಲ್ಲ ಎಚ್ಚರವಿರಲಿಲ್ಲ. ನಾಲ್ಕಕ್ಕೆ ಕಣ್ಣು ಬಿಟ್ಟಳು. 100213, ಶೇಷ 29446. ಓದಿ ಕಾದೆ. ಉಸಿರಿನ ನಡುವೆ ಕೂಡುತ್ತಿದ್ದಳು, ಕೈಬಿಡುತ್ತಿದ್ದಳು, ಮೊದಲಿನಿಂದ ಹಿಡಿಯುತ್ತಿದ್ದಳು. ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ ಹೋಯಿತು.

"ಒಂದು."

"ಇನ್ನೊಂದೇ ಇದೆ ಅಕ್ಕ."

"ನಾಳೆ. ಏಳರ ಮಗ್ಗಿ ನೋಡ್ಕೊಂಡು ಬಾ."

ಮಾರ್ಚ್ 22, ಭಾನುವಾರ

ಬೆಳಿಗ್ಗೆ ಆರೂಕಾಲಿಗೆ ಅಕ್ಕ ಹೋದಳು.

ಮಾರ್ಚ್ 29, ಭಾನುವಾರ

ಮೇಲಿನ ಮಹಡಿಯ ಮೇಡಂ ಬಂದು ಕುಳಿತಿದ್ದರು. ಬಾಗಿಲ ಬಳಿ ಸುತ್ತಿದಂತೆಯೇ ಬಿದ್ದಿದ್ದ ಪತ್ರಿಕೆಗಳನ್ನು ಎತ್ತಿ ಒಳಗಿಟ್ಟರು, ಆರೋ ಏಳೋ ಇದ್ದವು. ಹೊರಡುವಾಗ, ಈಗ ಹೇಳಬಹುದೇ ಎಂದು ಕೇಳಿದರು. ಹೇಳಿ ಎಂದೆ.

"ಅವಿಭಾಜ್ಯವೇ ಸಾರ್. ಅಷ್ಟೇ ಅಲ್ಲ, ಮೂವತ್ತಾರು ಅಂಕಿಗೆ ಮರುಕಳಿಸೋ ಅವಿಭಾಜ್ಯ ಇದೊಂದೇ. ಇದಕ್ಕೆ ಜೊತೆ ಇಲ್ಲ."

ಅವರು ಹೋದ ಮೇಲೆ ಕೋಷ್ಟಕ ತೆಗೆದು, ಇಪ್ಪತ್ತೊಂದನೆಯ ಪುಟದ ನೆತ್ತಿಗೆ ಒಂದು ಚೀಟಿ ಅಂಟಿಸಿದೆ. ಹತ್ತು ಸಂಖ್ಯೆಗಳನ್ನೂ ಅದರಲ್ಲಿ ಬರೆದೆ. ಮೊದಲ ಪುಟದ 'ಇದರಲ್ಲಿ ತಪ್ಪಿಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದೆ. ಅದರಲ್ಲಿ 'ಅಕ್ಕನಿಗೆ' ಎಂಬುದನ್ನು ಹೊಡೆದುಹಾಕಲಿಲ್ಲ.

ಆಮೇಲೆ ಕೊನೆಯದನ್ನು ಮಾಡಿದೆ. ಅವಳ ಮಂಚದ ಪಕ್ಕದ ಕುರ್ಚಿಯಲ್ಲೇ ಕುಳಿತೆ. ಏಳರ ಮಗ್ಗಿಯನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದೆ.

100237. ಭಾಗಲಬ್ಧ 9976346. ಶೇಷ 5999.

ಒಂಬತ್ತುಗಳನ್ನು ನಾನೇ ಎಸೆದು ನೋಡಿದೆ. ನಾಲ್ಕು, ಎಂಟು, ಐದು. ನಾಲ್ಕೆಂಟಲ ಮೂವತ್ತೆರಡು, ಅದರ ಅಂಕಿ ಕೂಡಿದರೆ ಐದು, ಆ ಐದಕ್ಕೆ ಶೇಷದ ಐದು ಸೇರಿ ಹತ್ತು. ಉಳಿಯುವುದು ಒಂದು.

ಆದರೆ ಮಾಡಿದವನೂ ನಾನೇ, ನೋಡಿದವನೂ ನಾನೇ. ಇಬ್ಬರಿಲ್ಲದೆ ಸಹಿ ಇಲ್ಲ. ಆ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.